ಒಂಬತ್ತೂವರೆಗೆ ನಿಂತ ಕಾರು

ಬಿಸ್ಕೆಟ್ ಡಬ್ಬಿಯಲ್ಲಿ ಬಿಸ್ಕೆಟ್ ಇತ್ತು. ಅದರಡಿಯಲ್ಲಿ ಇರಬೇಕಾದ ನೋಟ್‌ಬುಕ್ ಇರಲಿಲ್ಲ.

ಇರ್ಮಾ ಫೋಲ್ಮರ್ ಡಬ್ಬಿಯನ್ನು ಅಡುಗೆಮನೆಯ ಮೇಜಿನ ಮೇಲೆ ಬೋರಲು ಹಾಕಿದಳು. ಶುಂಠಿ ಬಿಸ್ಕೆಟ್‌ಗಳು ಉರುಳಿ ನೆಲಕ್ಕೆ ಬಿದ್ದವು. ಎಪ್ಪತ್ತಮೂರು ವರ್ಷದ ಮುದುಕಿ ಖಾಲಿ ಡಬ್ಬಿಯ ತಳವನ್ನು ಬೆರಳಿನಿಂದ ಸವರಿ ಸವರಿ ನೋಡಿದಳು. ಬಾಗಿಲಲ್ಲಿ ಹಾಲಿನಾ ನಿಂತಿದ್ದಳು. ವಾರದ ಸಂತೆಯಿಂದ ತಂದ ಮೂಲಂಗಿಯ ಕಟ್ಟು ಇನ್ನೂ ಅವಳ ಕೈಯಲ್ಲೇ ಇತ್ತು.

"ಇಲ್ವಾ?" ಎಂದಳು ಹಾಲಿನಾ. ಕೆಲವು ದಿನದ ಹಿಂದೆ ಪೋಲೆಂಡಿನಿಂದ ಬಂದು ಇರ್ಮಾಳ ಮನೆಯಲ್ಲಿ ಇಳಿದುಕೊಂಡಿದ್ದವಳು ಅವಳು. ಅವಳಿಗೆ ಬರುತ್ತಿದ್ದ ನಾಲ್ಕು ಜರ್ಮನ್ ಮಾತು ಐವತ್ತು ವರ್ಷ ಹಳೆಯವು, ಅವೂ ಕಾರ್ಖಾನೆಯಲ್ಲಿ ಬೈಗುಳದ ಜೊತೆ ಕಲಿತವು.

ಇರ್ಮಾ ಡಬ್ಬಿಯನ್ನು ಅಲ್ಲೇ ಬಿಟ್ಟಳು. ಕೆಳಗಿನ ಮನೆಯ ಬಾಗಿಲು ತಟ್ಟಲು ಮೆಟ್ಟಿಲಿಳಿದಳು.

ಕೆಳಗಿನ ಮನೆಯಲ್ಲಿ ರೋಸ್‌ವಿತಾ ಕೆಂಪ್ಫ್ ಆಗಷ್ಟೇ ಬೇಳೆ ಸೂಪಿನ ತಟ್ಟೆಯ ಮುಂದೆ ಕೂತಿದ್ದಳು, ನಗರಸಭೆಯ ನೀಲಿ ಸಮವಸ್ತ್ರದಲ್ಲೇ. ಟಾನೆನ್‌ಬ್ರುಕ್ ಊರಿನ ಬೀದಿಗಳಲ್ಲಿ ಹೆಚ್ಚು ಹೊತ್ತು ನಿಂತ ಕಾರುಗಳ ಗಾಜಿಗೆ ದಂಡದ ಚೀಟಿ ಸಿಕ್ಕಿಸುವುದು ಅವಳ ಕೆಲಸ. ಇಪ್ಪತ್ತೆರಡು ವರ್ಷದಿಂದ ಅದನ್ನೇ ಮಾಡುತ್ತಿದ್ದಳು. ಊರಿನವರು ಅವಳನ್ನು ಚೀಟಿಯಮ್ಮ ಎನ್ನುತ್ತಿದ್ದರು. ಪ್ರತಿ ಕಾರಿನ ಪಕ್ಕ ಬಗ್ಗಿ ಚಕ್ರ ನೋಡಿ ಅದೇನೋ ಬರೆದುಕೊಳ್ಳುತ್ತಾಳೆ, ಬಹುಶಃ ಚಕ್ರಕ್ಕೆ ನಮಸ್ಕಾರ ಮಾಡುತ್ತಾಳೆ ಎಂದು ಬೇಕರಿಯಲ್ಲಿ ನಗುತ್ತಿದ್ದರು. ನಗಲಿ ಬಿಡಿ. ಊರಿಗೆ ಊರೇ ಕಾರಿನಿಂದ ಅನ್ನ ತಿನ್ನುವಾಗ ಕಾರಿಗೆ ದಂಡ ಹಾಕುವವಳನ್ನು ಯಾರು ಮುದ್ದು ಮಾಡುತ್ತಾರೆ?

ಆ ಕಾರು ಲೆರ್ಖೆ. ಬಾನೆಟ್ಟಿನ ಮೇಲೆ ಪುಟ್ಟ ಬೆಳ್ಳಿಯ ಹಕ್ಕಿ. 'ಲೆರ್ಖೆ ಕೈಕೊಡುವುದಿಲ್ಲ' ಎಂದು ಕಾರ್ಖಾನೆಯ ಗೋಡೆಯ ಮೇಲೆ ಆಳೆತ್ತರದ ಅಕ್ಷರದಲ್ಲಿ ಬರೆದಿತ್ತು. ರೋಸ್‌ವಿತಾಳ ಅಪ್ಪ ಮೂವತ್ತೊಂದು ವರ್ಷ ಅಲ್ಲಿ ಕಾರಿಗೆ ಬಾಗಿಲು ಕೂರಿಸಿದವನು. ಅವಳ ಹತ್ತೊಂಬತ್ತು ವರ್ಷದ ಹಳೇ ಲೆರ್ಖೆ ಇಂದಿಗೂ ಮೊದಲ ಸಲಕ್ಕೇ ಸ್ಟಾರ್ಟ್ ಆಗುತ್ತಿತ್ತು. ಆ ಗೋಡೆಯ ಮಾತನ್ನು ಅವಳು ಚಿಕ್ಕಂದಿನಿಂದ ನಂಬಿದ್ದಳು.

"ನೋಟ್‌ಬುಕ್ ಹೋಯ್ತು ಕಣೇ," ಎಂದಳು ಇರ್ಮಾ.

ರೋಸ್‌ವಿತಾ ಚಮಚ ಕೆಳಗಿಟ್ಟಳು. ಯಾವ ನೋಟ್‌ಬುಕ್ ಎಂದು ಅವಳು ಕೇಳಬೇಕಿರಲಿಲ್ಲ.

ಯುದ್ಧದ ಕಾಲದಲ್ಲಿ ಲೆರ್ಖೆ ಕಾರ್ಖಾನೆಗೆ ಪೋಲೆಂಡಿನಿಂದ ಹುಡುಗಿಯರನ್ನು ಹಿಡಿದು ತಂದಿದ್ದರು. ಮರದ ಹಲಗೆಯ ಕೊಠಡಿಗಳಲ್ಲಿ ಕೂಡಿಹಾಕಿ ದುಡಿಸಿದರು. ಅವರಿಗೆ ಹುಟ್ಟಿದ ಕೂಸುಗಳನ್ನು ತಾಯಂದಿರಿಂದ ಕಿತ್ತು ಬೇರೆ ಕೋಣೆಯಲ್ಲಿ ಮಲಗಿಸಿದರು. ಹಾಲಿಲ್ಲ, ಬೆಂಕಿಯಿಲ್ಲ. ಹತ್ತೊಂಬತ್ತರ ಇರ್ಮಾ ಅಲ್ಲಿ ಬಟ್ಟೆ ಒಗೆಯುವ ಕೆಲಸಕ್ಕಿದ್ದಳು. ಸತ್ತ ಒಂದೊಂದು ಕೂಸಿನ ಹೆಸರು, ತಾಯಿಯ ಹೆಸರು, ಹುಟ್ಟಿದ ದಿನ, ಹೋದ ದಿನ, ಹೂತ ಜಾಗ, ಎಲ್ಲವನ್ನೂ ಒಂದು ಶಾಲೆಯ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಳು. ಇಪ್ಪತ್ತಮೂರು ಹೆಸರು. ಹನ್ನೊಂದನೆಯದು ಹಾಲಿನಾಳ ಮಗನದು.

ಹಾಲಿನಾ ಕಾರ್ಖಾನೆಗೆ ಆರು ಕಾಗದ ಬರೆದಿದ್ದಳು. ಆರಕ್ಕೂ ಒಂದೇ ಉತ್ತರ: ನಮ್ಮ ದಾಖಲೆಗಳಲ್ಲಿ ಅಂಥ ಜನನವಿಲ್ಲ. ಅಂದರೆ ಮಗು ಹುಟ್ಟೇ ಇಲ್ಲ. ಹುಟ್ಟದ ಮಗು ಸಾಯುವುದಾದರೂ ಹೇಗೆ? ಇಂಥ ಉತ್ತರವನ್ನು ಒಳ್ಳೆಯ ಕಾಗದದ ಮೇಲೆ ಟೈಪು ಮಾಡಿ, ಕೆಳಗೆ 'ವಿಶ್ವಾಸಪೂರ್ವಕವಾಗಿ' ಎಂದು ಸಹಿ ಹಾಕಿದ್ದರು.

ಈಗ ಕಾರ್ಖಾನೆಗೆ ನೂರು ತುಂಬಿತ್ತು. ಭಾನುವಾರ ಉತ್ಸವ, ಸ್ಮಾರಕಶಿಲೆಯ ಅನಾವರಣ. ಪಾದ್ರಿಯ ಒತ್ತಾಯಕ್ಕೆ ಮಣಿದು ಮೇಯರ್ ಒಂದು ಮಾತು ಕೊಟ್ಟಿದ್ದ. ಶನಿವಾರ ಹನ್ನೊಂದು ಗಂಟೆಗೆ ನೋಟ್‌ಬುಕ್ ತನ್ನ ಮೇಜಿನ ಮೇಲೆ ಬಂದರೆ ಆ ಇಪ್ಪತ್ತಮೂರು ಹೆಸರು ಕಲ್ಲಿಗೆ ಬೀಳುತ್ತವೆ. ಇಲ್ಲದಿದ್ದರೆ ಇಲ್ಲ. ಇವತ್ತು ಶುಕ್ರವಾರ.

"ನಕಲು ತೆಗೆಸಿಡಿ ಅಂತ ಎಷ್ಟು ಸಲ ಹೇಳ್ದೆ ಚಿಕ್ಕಮ್ಮ?" ಎಂದಳು ರೋಸ್‌ವಿತಾ, ನೆರೆಮನೆಯ ಸಲಿಗೆಯಲ್ಲಿ.

"ಮನೆಯಿಂದ ಹೊರಗೆ ಕಳಿಸೋಕೆ ಧೈರ್ಯ ಬರ್ಲಿಲ್ಲ. ಐವತ್ನಾಲ್ಕು ವರ್ಷ ಹೆದರಿಕೊಂಡೇ ಇದ್ದೆ. ಅಭ್ಯಾಸ ಆಗೋಗಿದೆ."

"ಮನೆ ಬಿಟ್ಟಿದ್ದು ಎಷ್ಟೊತ್ತಿಗೆ?"

"ಹತ್ತಕ್ಕೆ ಕಾಲು ಗಂಟೆ ಇತ್ತು. ವಾಪಸ್ ಬಂದಿದ್ದು ಈಗ, ಹನ್ನೆರಡೂಕಾಲು ಬಸ್ಸಿಗೆ. ಪ್ರತಿ ಶುಕ್ರವಾರ ಅದೇ ಅಲ್ವಾ."

"ಕೀ?"

ಇರ್ಮಾ ತಲೆ ತಗ್ಗಿಸಿದಳು. "ಹೂಕುಂಡದ ಕೆಳಗೆ."

ಬೀಗ ಮುರಿದಿರಲಿಲ್ಲ. ಕೀ ಇದ್ದಲ್ಲೇ ಇತ್ತು. ಕಳ್ಳ ಬಿಸ್ಕೆಟ್‌ಗಳನ್ನು ಸಾಲಾಗಿ ಜೋಡಿಸಿ, ಮುಚ್ಚಳ ಹಾಕಿ, ಡಬ್ಬಿಯನ್ನು ಅಟ್ಟದ ಮೇಲೆ ಮೊದಲಿನಂತೆಯೇ ಇಟ್ಟು ಹೋಗಿದ್ದ. ಎಂಥ ಅಚ್ಚುಕಟ್ಟು. ರೋಸ್‌ವಿತಾಳಿಗೆ ಕಳ್ಳತನಕ್ಕಿಂತ ಆ ಅಚ್ಚುಕಟ್ಟು ಕಂಡು ಮೈ ಉರಿಯಿತು.

"ಡಬ್ಬಿ ವಿಷಯ ಯಾರಿಗೆ ಗೊತ್ತಿತ್ತು?"

"ಹೋಲ್ಗರ್‌ಗೆ. ಆಮೇಲೆ ಬುಧವಾರ ಬಂದಿದ್ರಲ್ಲ, ಕಾರ್ಖಾನೆ ಡಾಕ್ಟ್ರು... ಅವ್ರಿಗೆ. ಅವ್ರ ಎದುರಿಗೇ ತೆಗೆದು ತೋರಿಸ್ದೆ. ಕೆಳಗಿಂದ ಒಟ್ಟಿಗೇ ಹತ್ತಿ ಬಂದ್ವಿ, ಕೀ ತೆಗೆದದ್ದೂ ನೋಡಿರ್ತಾರೆ."

ಹೋಲ್ಗರ್ ಇರ್ಮಾಳ ತಮ್ಮನ ಮಗ, ಕಾರ್ಖಾನೆಯಲ್ಲಿ ಬ್ರೇಕ್ ಜೋಡಿಸುವ ವಿಭಾಗದ ಮೇಸ್ತ್ರಿ. ಡಾಕ್ಟ್ರು ಎಂದರೆ ಆನ್ಸ್‌ಗರ್ ವೀಲಾಂಟ್, ರೋಗಿಗಳ ಡಾಕ್ಟರಲ್ಲ. ಇತಿಹಾಸದಲ್ಲಿ ಪದವಿ ಪಡೆದವನು, ಲೆರ್ಖೆಯ ದಾಖಲೆ ಭಂಡಾರದ ಮುಖ್ಯಸ್ಥ. ನೂರು ವರ್ಷದ ಇತಿಹಾಸವನ್ನು ದಪ್ಪ ಪುಸ್ತಕವಾಗಿ ಬರೆದವನು. ಅದರಲ್ಲಿ ಯುದ್ಧದ ಆರು ವರ್ಷಕ್ಕೆ ಒಂದೂವರೆ ಪುಟ ಸಿಕ್ಕಿತ್ತು.

ಇನ್‌ಸ್ಪೆಕ್ಟರ್ ಡೀಟ್‌ಮಾರ್ ಲೌಕ್ ಎರಡು ಗಂಟೆಗೆ ಬಂದ, ಮೂರಕ್ಕೆ ಹೋಲ್ಗರ್‌ನನ್ನು ಠಾಣೆಗೆ ಕರೆಸಿದ. ಇರ್ಮಾಳ ಕೈ ಹಿಡಿದು ರೋಸ್‌ವಿತಾಳೂ ಅಲ್ಲಿದ್ದಳು.

"ಬೆಳಿಗ್ಗೆ ಎಲ್ಲಿದ್ದೆ?" ಎಂದ ಲೌಕ್.

"ರಜೆ ಹಾಕಿದ್ದೆ. ಮನೇಲಿ ಮಲಗಿದ್ದೆ."

"ನೋಡಿದವರು?"

"ಮಲಗಿರೋನ್ನ ಯಾರು ನೋಡ್ತಾರೆ ಸಾರ್?"

"ಹೋದ ವಾರ ಅತ್ತೆ ಮನೇಲಿ ಏನಂದೆ?"

ಹೋಲ್ಗರ್ ಗೋಡೆ ನೋಡಿದ. "ಅದನ್ನ ಒಲೆಗೆ ಹಾಕು ಅಂದೆ. ಅನ್ನ ಹಾಕೋ ಕಾರ್ಖಾನೆ ಮೇಲೆ ಕೆಸರು ಎರಚ್ಬೇಡ ಅಂದೆ. ಹೌದು, ಅಂದೆ. ಆದ್ರೆ ಅತ್ತೆ ಮನೇಲಿ ಕದಿಯೋ ಮಗ ಅಲ್ಲ ನಾನು."

"ನಿನ್ಹತ್ರ ಕೀ ಇದೆ."

"ಇದೆ."

ಇರ್ಮಾ ರೋಸ್‌ವಿತಾಳ ಕೈ ಬಿಟ್ಟು ಹೋಲ್ಗರ್‌ನತ್ತ ಒಂದು ಹೆಜ್ಜೆ ಇಟ್ಟಳು. ನೋಟ್‌ಬುಕ್ಕೂ ಹೋಗಿ, ಎತ್ತಿ ಆಡಿಸಿದ ಹುಡುಗನೂ ಕಳ್ಳನಾಗಬೇಕೆ?

ನಾಲ್ಕಕ್ಕೆ ಡಾಕ್ಟರ್ ವೀಲಾಂಟ್ ತಾನಾಗಿಯೇ ಬಂದ. ತೆಳ್ಳಗಿನ, ಇಸ್ತ್ರಿಯ ಮಡಿಕೆಯಂಥ ಮನುಷ್ಯ. ಸುದ್ದಿ ಕೇಳಿ ಬಹಳ ನೊಂದುಕೊಂಡ.

"ಬುಧವಾರವೇ ಹೇಳಿದ್ದೆ ಅಮ್ಮಾ, ನಮ್ಮ ಭಂಡಾರದಲ್ಲಿ ಇಡಿ, ಸುರಕ್ಷಿತವಾಗಿರುತ್ತೆ ಅಂತ. ಈಗ ನೋಡಿ. ಮೂಲ ದಾಖಲೆ ಇಲ್ಲದೆ ಇತಿಹಾಸ ಏನೂ ಹೇಳೋಕಾಗಲ್ಲ. ಅದು ನನ್ನ ತಪ್ಪಲ್ಲ, ಶಾಸ್ತ್ರದ ನಿಯಮ."

"ಬೆಳಿಗ್ಗೆ ಎಲ್ಲಿದ್ರಿ ಡಾಕ್ಟ್ರೇ? ಸುಮ್ನೆ, ಕೇಳ್ಬೇಕಲ್ಲ," ಎಂದ ಲೌಕ್, ಅರ್ಧ ಎದ್ದು ನಿಂತು.

"ಪಟ್ಟಣದ ಗ್ರಂಥಾಲಯದಲ್ಲಿ. ಒಂಬತ್ತೂವರೆಯಿಂದ ಹನ್ನೆರಡರವರೆಗೆ. ಭಾನುವಾರದ ಭಾಷಣ ಬರೀತಾ ಇದ್ದೆ. ಗ್ರಂಥಪಾಲಕಿಯನ್ನ ಕೇಳಿ."

ಲೌಕ್ ಫೋನು ಮಾಡಿದ. ಆಕೆ ಬಂದಾಗಲೂ ನೋಡಿದ್ದಳು, ಹೊರಟಾಗಲೂ ನೋಡಿದ್ದಳು. ನಡುವೆ? ಕುರ್ಚಿಯ ಮೇಲೆ ಕೋಟು ಇತ್ತು, ಮೇಜಿನ ಮೇಲೆ ಪುಸ್ತಕ ತೆರೆದಿತ್ತು. ಕಪಾಟುಗಳ ಹಿಂದೆ ಓಡಾಡುತ್ತಿದ್ದಿರಬೇಕು ಎಂದಳು.

"ಅದು ಸಾಲದಿದ್ರೆ ಇದನ್ನ ನೋಡಿ." ವೀಲಾಂಟ್ ಕಿಸೆಯಿಂದ ಒಂದು ಚೀಟಿ ತೆಗೆದು ಮೇಜಿನ ಮೇಲೆ ಇಟ್ಟ. "ಗ್ರಂಥಾಲಯದ ಹಿಂದಿನ ಗಲ್ಲಿಯಲ್ಲಿ ನನ್ನ ಕಾರು. ಎರಡು ಗಂಟೆ ಮಾತ್ರ ನಿಲ್ಲಿಸಬಹುದಾದ ಜಾಗ. ಬರವಣಿಗೆಯಲ್ಲಿ ಮೈಮರೆತೆ. ದಂಡ ಬಿತ್ತು. ಬರೆದವರು ಇಲ್ಲೇ ಇದಾರೆ."

ರೋಸ್‌ವಿತಾ ಚೀಟಿ ನೋಡಿದಳು. ತನ್ನದೇ ಕೈಬರಹ. ಕಡುನೀಲಿ ಲೆರ್ಖೆ. ಕಾರು ನಿಲ್ಲಿಸಿದ ಹೊತ್ತು ತೋರಿಸಲು ಓಡಿಸುವವರೇ ಗಾಜಿನ ಹಿಂದೆ ಇಡಬೇಕಾದ ರಟ್ಟಿನ ಗಡಿಯಾರದಲ್ಲಿ ಬಂದ ಸಮಯ ಒಂಬತ್ತೂವರೆ ಎಂದು ತಿರುಗಿಸಿಟ್ಟಿತ್ತು. ಚೀಟಿ ಬರೆದದ್ದು ಹನ್ನೊಂದೂ ಐವತ್ತಕ್ಕೆ.

ಇರ್ಮಾಳ ಮನೆ ಗುಡ್ಡದ ಮೇಲೆ, ಊರಿನಿಂದ ಏಳು ಕಿಲೋಮೀಟರ್. ಬಸ್ಸು ಗಂಟೆಗೊಂದು, ಅದರ ಡ್ರೈವರ್‌ಗೆ ಪ್ರತಿ ಮುಖವೂ ಗೊತ್ತು. ಕಾರಿಲ್ಲದೆ ಹೋಗಿಬರುವುದು ಆಗದ ಮಾತು. ಕಾರು ಗಲ್ಲಿಯಲ್ಲೇ ನಿಂತಿತ್ತೆಂದು ನಗರಸಭೆಯ ಮೊಹರಿನ ಚೀಟಿಯೇ ಹೇಳುತ್ತಿತ್ತು.

"ನಿಮ್ಮ ಚೀಟಿಯೇ ಇವರಿಗೆ ಸಾಕ್ಷಿ, ರೋಸ್‌ವಿತಾ ಅವ್ರೇ," ಎಂದು ಲೌಕ್ ನಕ್ಕ. "ಈ ಊರಲ್ಲಿ ನಿಮ್ಮ ಚೀಟಿ ನೋಡಿ ಖುಷಿಪಟ್ಟ ಮೊದಲನೇ ಮನುಷ್ಯ ಇವರೇ ಇರ್ಬೇಕು."

ಆ ಮಾತು ರೋಸ್‌ವಿತಾಳಿಗೆ ಮುಳ್ಳಿನಂತೆ ಚುಚ್ಚಿತು. ಚುಚ್ಚಿದ್ದು ಅಲ್ಲೇ ಉಳಿಯಿತು. ಇಪ್ಪತ್ತೆರಡು ವರ್ಷ. ಚೀಟಿ ಕಂಡು ಖುಷಿಪಟ್ಟವರು ಒಬ್ಬರೂ ಇಲ್ಲ. ಹಾಗಾದರೆ ಇವನೇಕೆ ಅದನ್ನು ಮಡಿಸಿ, ಜೋಪಾನವಾಗಿ ಕಿಸೆಯಲ್ಲಿಟ್ಟು ತಂದ?

ಸಂಜೆ ಅವಳು ಕೆಲಸದ ಪುಸ್ತಕ ತೆರೆದಳು. ಶುಕ್ರವಾರದ ಸಾಲುಗಳ ಮೇಲೆ ಬೆರಳಾಡಿಸಿದಳು. ಎರಡು ಸಾಲಿನ ನಡುವೆ ಬೆರಳು ನಿಂತಿತು. ಮತ್ತೆ ಮೊದಲಿಂದ ಓದಿದಳು. ಆಮೇಲೆ ಮೇಲಿನ ಮನೆಗೆ ಹತ್ತಿಹೋದಳು.

ಹಾಲಿನಾ ಕಿಟಕಿಯ ಬಳಿ ಕೂತಿದ್ದಳು, ಕೋಟು ಹಾಕಿಕೊಂಡೇ.

"ನಾನು ಸುಳ್ಳು ಹೇಳಲ್ಲ," ಎಂದಳು ಅವಳು ನಿಧಾನವಾಗಿ ಪದ ಹುಡುಕುತ್ತ. "ನನ್ನ ಮಗ ಟಾಡೆಕ್ ಇದ್ದ. ಎರಡು ತಿಂಗಳು ಇದ್ದ. ನಗ್ತಿದ್ದ. ನಿಮಗೆ ಕಾಗದ ಬೇಕು. ನನ್ನ ಹತ್ರ ಕಾಗದ ಇಲ್ಲ."

"ನಾಳೆ ಹನ್ನೊಂದಕ್ಕೆ ನನ್ನ ಜೊತೆ ಬನ್ನಿ," ಎಂದಳು ರೋಸ್‌ವಿತಾ.

ಶನಿವಾರ ಹನ್ನೊಂದು. ಮೇಯರ್ ಕೋಣೆ. ಪಾದ್ರಿ, ಲೌಕ್, ಡಾಕ್ಟರ್ ವೀಲಾಂಟ್, ತಲೆ ಬಗ್ಗಿಸಿದ ಹೋಲ್ಗರ್, ಇಬ್ಬರು ಮುದುಕಿಯರು. ಮೇಯರ್ ಮೇಜಿನ ಮೇಲೆ ನೋಟ್‌ಬುಕ್ ಇಡಬೇಕಾದ ಜಾಗ ಖಾಲಿಯಿತ್ತು.

"ವಿಷಾದದ ಸಂಗತಿ," ಎಂದು ಮೇಯರ್ ಶುರು ಮಾಡಿದ.

"ವಿಷಾದ ಆಮೇಲೆ ಇಟ್ಕೊಳ್ಳಿ ಸಾರ್," ಎಂದಳು ರೋಸ್‌ವಿತಾ. "ಡಾಕ್ಟರಿಗೆ ನಾಲ್ಕು ಪ್ರಶ್ನೆ ಇದೆ. ಡಾಕ್ಟ್ರೇ, ನಿನ್ನೆ ನಿಮ್ಮ ಕಾರನ್ನ ಬೇರೆ ಯಾರಾದ್ರೂ ಓಡಿಸಿದ್ರಾ?"

"ಕೀ ನನ್ನ ಕಿಸೆಯಲ್ಲಿತ್ತು. ನನ್ನ ಕಾರನ್ನ ಹೆಂಡತಿಗೂ ಕೊಡಲ್ಲ."

"ಒಂಬತ್ತೂವರೆಯಿಂದ ಹನ್ನೆರಡರ ತನಕ ಗಲ್ಲೀಲೇ ನಿಂತಿತ್ತು?"

"ಒಂದಿಂಚೂ ಅಲ್ಲಾಡಿಲ್ಲ. ನೀವೇ ಬರೆದುಕೊಟ್ಟಿದ್ದೀರಲ್ಲ."

"ಇನ್‌ಸ್ಪೆಕ್ಟ್ರೇ, ಬರ್ಕೊಂಡ್ರಾ?"

ಲೌಕ್ ಕಣ್ಣು ಮಿಟುಕಿಸುತ್ತ ಬರೆದುಕೊಂಡ.

"ನನ್ನ ಕೆಲಸದ ಒಂದು ಪದ್ಧತಿ ಇದೆ," ಎಂದಳು ರೋಸ್‌ವಿತಾ. "ಜನ ನಡುವೆ ಬಂದು ಆ ರಟ್ಟಿನ ಗಡಿಯಾರ ಮುಂದಕ್ಕೆ ತಿರುಗಿಸಿ, ಈಗ ತಾನೇ ಬಂದೆ ಅಂತಾರೆ. ಅಂಥವ್ರನ್ನ ಹಿಡಿಯೋಕೆ ಪ್ರತಿ ಸುತ್ತಿನಲ್ಲೂ ಕಾರಿನ ಎರಡು ಚಕ್ರ ನೋಡ್ತೀನಿ. ಗಾಳಿ ತುಂಬೋ ವಾಲ್ವ್ ಇರುತ್ತಲ್ಲ, ಅದು ಗಡಿಯಾರದ ಮುಳ್ಳು ಅಂದ್ಕೊಂಡು, ಎಷ್ಟು ಗಂಟೆ ಕಡೆ ಮುಖ ಮಾಡಿದೆ ಅಂತ ಬರ್ಕೋತೀನಿ. ಬೇಕರೀಲಿ ನಗ್ತೀರಲ್ಲ, ಅದೇ. ವಾಲ್ವ್ ಎರಡೂ ಮೊದಲಿದ್ದಲ್ಲೇ ಇದ್ರೆ ಕಾರು ಕದಲಿಲ್ಲ ಅಂತ ಅರ್ಥ."

ಕೆಲಸದ ಪುಸ್ತಕವನ್ನು ಮೇಜಿನ ಖಾಲಿ ಜಾಗದಲ್ಲಿ ತೆರೆದಿಟ್ಟಳು.

"ಒಂಬತ್ತೂ ನಲವತ್ತು. ನಿಮ್ಮ ಕಾರಿನ ಮುಂದಿನ ವಾಲ್ವ್ ಎರಡು ಗಂಟೆ ಕಡೆ, ಹಿಂದಿನದು ಏಳರ ಕಡೆ. ಹನ್ನೊಂದೂ ಐವತ್ತು. ಮುಂದಿನದು ಹತ್ತರ ಕಡೆ. ಹಿಂದಿನದು ನಾಲ್ಕರ ಕಡೆ. ನಿಂತ ಕಾರಿನ ಚಕ್ರ ತಿರುಗುತ್ತಾ ಡಾಕ್ಟ್ರೇ?"

ಲೌಕ್ ಬಗ್ಗಿ ಆ ಎರಡು ಸಾಲುಗಳನ್ನು ಓದಿದ.

"ನಿನ್ನೆಯೇ ಯಾಕೆ ಗಮನಿಸ್ಲಿಲ್ಲ?" ಎಂದ ಮೇಯರ್.

"ತಪ್ಪು ನಂದೇ. ವಾಲ್ವ್ ಹೋಲಿಸೋದು ಸುಳ್ಳು ಹೇಳೋ ಗಡಿಯಾರ ಕಂಡಾಗ. ಇವರ ಗಡಿಯಾರ ತಾನೇ ತಪ್ಪೊಪ್ಕೊಂಡು ಕೂತಿತ್ತು, ಒಂಬತ್ತೂವರೆ ಅಂತ. ದಂಡ ಕಟ್ಟೋಕೆ ಯಾರಾದ್ರೂ ಸುಳ್ಳು ಹೇಳ್ತಾರಾ? ನನಗೆ ಹೊಳೀಲೇ ಇಲ್ಲ. ಇವರು ಕೋಟನ್ನ ಕುರ್ಚಿ ಮೇಲೆ ಬಿಟ್ಟು, ಹಿಂದಿನ ಬಾಗಿಲಿಂದ ಹೋಗಿ ಕಾರು ಹತ್ತಿದ್ರು. ಕೆಲಸ ಮುಗಿಸಿ ಅದೇ ಗಲ್ಲಿಗೆ ಬಂದು ನಿಲ್ಲಿಸಿದ್ರು. ಬೇರೆಯವರಾಗಿದ್ರೆ ಹೊಸ ಸಮಯ ಇಡ್ತಿದ್ರು. ಇವರು ಇಡ್ಲಿಲ್ಲ. ಇವರಿಗೆ ನನ್ನ ಚೀಟಿ ಬೇಕಾಗಿತ್ತು."

ವೀಲಾಂಟ್ ಕನ್ನಡಕ ತೆಗೆದು ಒರೆಸಿಕೊಂಡ. "ಗಲ್ಲಿ ಇಳಿಜಾರಾಗಿದೆ. ಕಾರು ಸ್ವಲ್ಪ ಹಿಂದಕ್ಕೆ ಜರುಗಿರಬಹುದು."

"ಬ್ರೇಕ್ ಹಾಕಿರ್ಲಿಲ್ವಾ?"

"ಹಾಕಿದ್ದೆ. ಆದ್ರೂ..."

"ಆದ್ರೂ ಉರುಳ್ತು? ಆರು ತಿಂಗಳ ಹೊಸ ಲೆರ್ಖೆ?"

ಅಷ್ಟು ಹೊತ್ತು ನೆಲ ನೋಡುತ್ತಿದ್ದ ಹೋಲ್ಗರ್ ತಲೆಯೆತ್ತಿದ. "ಆ ಬ್ರೇಕ್ ಕೂರಿಸೋನು ನಾನು ಸಾರ್," ಎಂದ. ಅವನ ಕುತ್ತಿಗೆ ಕೆಂಪಾಗಿತ್ತು. "ನನ್ನ ಕೈಯಿಂದ ಹೋದ ಒಂದು ಗಾಡಿ ಉರುಳಿದೆ ಅಂತ ಹೇಳಿ ನೋಡೋಣ. ಪೇಪರಿನವರನ್ನ ಕರೀರಿ, ಅವರೆದುರಿಗೇ ಹೇಳಿ."

"ಹೇಳಿ ಡಾಕ್ಟ್ರೇ," ಎಂದಳು ರೋಸ್‌ವಿತಾ. "ಲೆರ್ಖೆ ಕೈಕೊಡ್ತಾ? ಹೌದು ಅಂದ್ರೆ ನೀವು ಕಳ್ಳರಲ್ಲ. ಇಲ್ಲ ಅಂದ್ರೆ ಕಾರು ಓಡಿಸಿದ್ದು ನೀವೇ."

ವೀಲಾಂಟ್ ಬಾಯಿ ತೆರೆದ. ಒಂದೇ ಮಾತಿಗೆ ನೂರು ವರ್ಷದ ಹೆಸರು ಹೋಗುತ್ತಿತ್ತು. ಕನ್ನಡಕವನ್ನು ಮತ್ತೆ ಹಾಕಿಕೊಂಡ.

"ಕೊಡಲ್ಲ," ಎಂದ.

ಲೌಕ್ ಪೆನ್ನು ಕೆಳಗಿಟ್ಟ. ಕೊನೆಗೂ ಅವನಿಗೆ ತಾನು ಇನ್‌ಸ್ಪೆಕ್ಟರ್ ಎಂಬುದು ನೆನಪಾದಂತಿತ್ತು. "ನೋಟ್‌ಬುಕ್ ಎಲ್ಲಿ? ಸುಟ್ರಾ?"

"ಸುಡೋದಾ?" ವೀಲಾಂಟ್‌ಗೆ ನಿಜಕ್ಕೂ ಅವಮಾನವಾಗಿತ್ತು. "ನಾನು ಇತಿಹಾಸಕಾರ. ದಾಖಲೆ ಸುಡೋ ಪೈಕಿ ಅಲ್ಲ. ಭಂಡಾರದಲ್ಲಿದೆ. ಯಾರೂ ಹೇಳಿ ಮಾಡಿಸಿದ್ದಲ್ಲ. ನಲವತ್ತು ಸಾವಿರ ಜನ ಈ ಹೆಸರಿನ ಮೇಲೆ ಬದುಕ್ತಿದ್ದಾರೆ. ಉತ್ಸವ ಮುಗೀಲಿ ಅಂತ..."

ಮಧ್ಯಾಹ್ನ ಲೌಕ್, ಪಾದ್ರಿ, ರೋಸ್‌ವಿತಾ ಮೂವರೂ ಭಂಡಾರಕ್ಕೆ ಹೋದರು. ದಾಖಲಾತಿಯ ಪುಸ್ತಕದಲ್ಲಿ ಶುಕ್ರವಾರದ ತಾರೀಖಿಗೆ ಸರಿಯಾಗಿ ಹೊಸ ನಂಬರು ಬಿದ್ದಿತ್ತು. ಕದ್ದ ಮಾಲಿಗೂ ನಂಬರು ಹಾಕಿ ಸಹಿ ಮಾಡದಿದ್ದರೆ ಅವನಿಗೆ ನಿದ್ದೆ ಬರುತ್ತಿರಲಿಲ್ಲವೇನೋ. ಪೆಟ್ಟಿಗೆಯ ಮೇಲೆ 'ಅಡುಗೆಮನೆಯ ಪಾತ್ರೆಗಳ ಪಟ್ಟಿ, 1944' ಎಂದು ಬರೆದಿತ್ತು. ಕೆಳಗೆ ಕೆಂಪಕ್ಷರದಲ್ಲಿ: ಅರವತ್ತು ವರ್ಷ ತೆರೆಯತಕ್ಕದ್ದಲ್ಲ.

ಅರವತ್ತು ವರ್ಷ. ಹಾಲಿನಾಳಿಗೆ ಎಪ್ಪತ್ನಾಲ್ಕು.

"ಸುಟ್ಟಿದ್ರೆ ಕಳ್ಳ ಅಂತಿದ್ದೆ," ಎಂದಳು ರೋಸ್‌ವಿತಾ. "ಪಾತ್ರೆ ಪಟ್ಟಿ ಅಂತ ಬರ್ದಿದಾನಲ್ಲ, ಇದಕ್ಕೆ ಏನನ್ನಬೇಕೋ ನನಗೆ ಗೊತ್ತಾಗ್ತಿಲ್ಲ."

ಸಂಜೆ ಅಡುಗೆಮನೆಯ ಮೇಜಿನ ಮೇಲೆ ಇರ್ಮಾ ಹನ್ನೊಂದನೇ ಹೆಸರನ್ನು ಗಟ್ಟಿಯಾಗಿ ಓದಿದಳು. "ಟಾಡೆಕ್. ತಾಯಿ ಹಾಲಿನಾ. ಹುಟ್ಟಿದ್ದು ಮಾರ್ಚ್ ಆರು, ಹೋದದ್ದು ಮೇ ಒಂಬತ್ತು. ಬೀಚ್ ಮರದಿಂದ ಗೋಡೆ ಕಡೆಗೆ, ಮೂರನೇ ಸಾಲು, ನಾಲ್ಕನೆಯದು." ಓದಿ ಮುಗಿಸಿ ನೋಟ್‌ಬುಕ್ಕನ್ನು ಹಾಲಿನಾಳ ಕೈಗೆ ಕೊಟ್ಟಳು. "ನಾನೂ ಬಾಯಿ ಮುಚ್ಕೊಂಡಿದ್ದೆ," ಎಂದಳು. ಹಾಲಿನಾ ಅದಕ್ಕೆ ಇಲ್ಲ ಎನ್ನಲಿಲ್ಲ. ಅವಳ ಕೈ ಮಾತ್ರ ಹಿಡಿದುಕೊಂಡಳು.

ಭಾನುವಾರ ಬೆಳಿಗ್ಗೆ ಉತ್ಸವಕ್ಕೆ ಬ್ಯಾಂಡು ಸಜ್ಜಾಗುತ್ತಿತ್ತು. ಇಪ್ಪತ್ತಮೂರು ಹೆಸರು ಕೆತ್ತಲು ಕಲ್ಲುಕುಟಿಗನಿಗೆ ಹೇಳಿಯಾಗಿತ್ತು. ಬೀಚ್ ಮರ ಇನ್ನೂ ನಿಂತಿತ್ತು. ಅದರ ಕೆಳಗೆ ಡಾಂಬರು ಹಾಕಿ, ಬಿಳಿ ಗೆರೆ ಎಳೆದು, ಕಾರ್ಖಾನೆಯ ಅತಿಥಿಗಳಿಗೆ ಕಾರು ನಿಲ್ಲಿಸುವ ಜಾಗ ಮಾಡಿದ್ದರು. ಮೂರನೇ ಸಾಲಿನ ನಾಲ್ಕನೇ ಅಂಕಣದಲ್ಲಿ ಕಾರ್ಖಾನೆಯ ಅಧ್ಯಕ್ಷರ ಬೆಳ್ಳಿ ಬಣ್ಣದ ಲೆರ್ಖೆ ಹೊಳೆಯುತ್ತಿತ್ತು.

ರೋಸ್‌ವಿತಾ ಭಾನುವಾರವೂ ಸಮವಸ್ತ್ರ ತೊಟ್ಟು ಬಂದಿದ್ದಳು. ಬಗ್ಗಿ ಚಕ್ರ ನೋಡಲಿಲ್ಲ. ಚೀಟಿ ಬರೆದು ಗಾಜಿಗೆ ಸಿಕ್ಕಿಸಿದಳು.

ಕಾವಲುಗಾರ ಓಡಿಬಂದ. "ಏನ್ ಮಾಡ್ತಿದೀರಮ್ಮ? ಇದು ಕಾರ್ಖಾನೆ ಜಾಗ. ಇಲ್ಲಿ ನಿಮ್ಮ ಅಧಿಕಾರ ನಡೆಯಲ್ಲ."

"ಇದು ಸ್ಮಶಾನ," ಎಂದಳು ಅವಳು. "ಸ್ಮಶಾನ ಊರಿಂದು. ತೆಗೆಸು."

ಕಾವಲುಗಾರ ಅವಳ ಮುಖ ನೋಡಿದ. ಹಿಂದೆ ನಿಂತಿದ್ದ ಇಬ್ಬರು ಮುದುಕಿಯರನ್ನು ನೋಡಿದ. ಹೋಲ್ಗರ್ ಆಗಲೇ ಪಕ್ಕದ ಕಾರುಗಳವರನ್ನು ಕರೆಯುತ್ತಿದ್ದ. ಕೊನೆಗೆ ಅಧ್ಯಕ್ಷರ ಡ್ರೈವರ್ ಬಂದು, ಏನೂ ಕೇಳದೆ, ಗಾಡಿ ಹಿಂದಕ್ಕೆ ತೆಗೆದ.

ಖಾಲಿಯಾದ ಅಂಕಣದಲ್ಲಿ ಒಂದಿಷ್ಟು ಎಣ್ಣೆಯ ಕಲೆ ಇತ್ತು. ಹಾಲಿನಾ ಕೋಟು ಬಿಚ್ಚಿ ಅದರ ಮೇಲೆ ಹಾಸಿದಳು, ಮಗುವಿಗೆ ಹೊದಿಸುವಂತೆ ಅಂಚು ಸರಿಮಾಡಿದಳು, ಪಕ್ಕದಲ್ಲಿ ಕೂತಳು.